ಭಾನುವಾರ ಎರಡೂವರೆಯ ಕ್ಲಾಸ್: ಡೇಕೇರ್ ಅಕ್ಕಂದಿರಿಗೆ ಉಡುಪಿಯಲ್ಲೊಂದು ತರಬೇತಿ

ಮಣಿಪಾಲದ ಒಂದು ಡೇಕೇರ್‌ನಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಕ್ಕಳಿಗೆ ನಾನು ಅಕ್ಕ. ಪೋಷಕರಲ್ಲಿ ಕೆಲವರಿಗೆ ಆಂಟಿ, ಕೆಲವರಿಗೆ ಆಯಾ. ಮನೆ ಉದ್ಯಾವರದಲ್ಲಿ. ಓದಿದ್ದು ಎಸ್‌ಎಸ್‌ಎಲ್‌ಸಿ ತನಕ. ಕೆಲಸಕ್ಕೆ ಸೇರಿದ ಮೊದಲ ದಿನ ನನಗೊಂದು ಏಪ್ರನ್ ಕೊಟ್ಟರು, ಹಾಲಿನ ಬಾಟಲಿ ಎಲ್ಲಿ, ಬದಲಿ ಚಡ್ಡಿ ಎಲ್ಲಿ ಅಂತ ತೋರಿಸಿದರು. ಅಷ್ಟೇ. ಉಳಿದದ್ದೆಲ್ಲ ಮಕ್ಕಳನ್ನು ನೋಡಿ ನೋಡಿ, ತಪ್ಪು ಮಾಡಿ ಮಾಡಿ ಕಲಿತದ್ದು.

ಕಳೆದ ಆರು ತಿಂಗಳು ಉಡುಪಿಯಲ್ಲಿ ಒಂದು ತರಬೇತಿಗೆ ಹೋದೆ. ನಮ್ಮಂಥ ಕೆಲಸ ಮಾಡುವವರಿಗೆಂದೇ ನಡೆಸುವ ಕ್ಲಾಸ್. ಅದರ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ. ಬೇರೆ ಡೇಕೇರ್‌ಗಳಲ್ಲಿ ಕೆಲಸ ಮಾಡುವ ಅಕ್ಕಂದಿರು ಓದಲಿ, ಡೇಕೇರ್ ನಡೆಸುವ ಮೇಡಂಗಳೂ ಓದಲಿ ಅನ್ನುವುದು ನನ್ನ ಆಸೆ. ಈ ಕ್ಲಾಸಿಗೆ ಬೋರ್ಡ್ ಇಲ್ಲ. ನಡೆಸುವ ಇಬ್ಬರು ಟೀಚರ್‌ಗಳೂ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಒಂದು ಬ್ಯಾಚಿಗೆ 18 ಜನರನ್ನು ಮಾತ್ರ ಸೇರಿಸಿಕೊಳ್ಳುವುದು, ಜಾಸ್ತಿ ಜನ ಬಂದರೆ ಇಲ್ಲ ಅನ್ನಲು ಅವರಿಗೆ ಕಷ್ಟ. ನಾವೆಲ್ಲ ಅದನ್ನು ಭಾನುವಾರದ ಕ್ಲಾಸ್ ಅಂತಲೇ ಕರೆಯುವುದು.

ಇದಕ್ಕಿಂತ ಮೊದಲು ನಾನು ಇನ್ನೊಂದು ಕೋರ್ಸಿಗೆ ಸೇರಿದ್ದೆ. ಅದನ್ನು ಹೇಳದಿದ್ದರೆ ಈ ಕ್ಲಾಸ್ ಯಾಕೆ ಇಷ್ಟವಾಯಿತು ಅಂತ ಗೊತ್ತಾಗುವುದಿಲ್ಲ. ಅದು ನಡೆಯುತ್ತಿದ್ದದ್ದು ಕೆಲಸದ ದಿನಗಳಲ್ಲಿ, ಬೆಳಿಗ್ಗೆ 10ರಿಂದ 1ರ ತನಕ. ಫೀಸ್ 18,000 ರೂಪಾಯಿ. ನನ್ನ ಸಂಬಳ ತಿಂಗಳಿಗೆ 11,000. ಮೊದಲ ಕಂತು 6,000 ಕಟ್ಟಿದೆ, ಅದಕ್ಕೆ ಸಂಘದಿಂದ ಸಾಲ ತೆಗೆದೆ. ವಾರಕ್ಕೆ ಎರಡು ದಿನ ಅರ್ಧ ರಜೆ, ಅಂದರೆ ಸಂಬಳದಲ್ಲಿ ಕಡಿತ. ಪಾಠವೆಲ್ಲ ಇಂಗ್ಲಿಷ್ ಸ್ಲೈಡ್‌ನಲ್ಲಿ. ಪಾಠ ಮಾಡುವವರು ಒಳ್ಳೆಯವರೇ, ಕನ್ನಡದಲ್ಲಿ ವಿವರಿಸಲು ಪ್ರಯತ್ನವನ್ನೂ ಪಡುತ್ತಿದ್ದರು. ಆದರೆ ಬರೆದುಕೊಳ್ಳುವುದು ಇಂಗ್ಲಿಷ್, ಅಸೈನ್‌ಮೆಂಟ್ ಇಂಗ್ಲಿಷ್. ರಾತ್ರಿ ಮಗನನ್ನು ಕೂರಿಸಿಕೊಂಡು ಒಂದೊಂದೇ ಶಬ್ದದ ಅರ್ಥ ಕೇಳುತ್ತಿದ್ದೆ. ಅವನಿಗೂ ಪರೀಕ್ಷೆ ಇತ್ತು. ಮೂರು ವಾರ ಹೋಗಿ ಬಿಟ್ಟುಬಿಟ್ಟೆ. ಕಟ್ಟಿದ ಹಣ ವಾಪಸ್ ಬರಲಿಲ್ಲ. ನನಗೆ ಕಲಿಯುವ ಯೋಗ್ಯತೆಯೇ ಇಲ್ಲ ಅಂತ ಆವತ್ತು ಅನಿಸಿತ್ತು. ಆ ಮಾತು ಮನಸ್ಸಿನಲ್ಲಿ ಎರಡು ವರ್ಷ ಕೂತಿತ್ತು.

ಭಾನುವಾರದ ಕ್ಲಾಸಿನ ಬಗ್ಗೆ ಹೇಳಿದ್ದು ನಮ್ಮೂರಿನ ಅಂಗನವಾಡಿ ಟೀಚರ್. ಫೋನ್ ಮಾಡಿದೆ. ಆ ಕಡೆಯಿಂದ ದೊಡ್ಡ ಟೀಚರ್ ಕೇಳಿದ ಮೊದಲ ಪ್ರಶ್ನೆ ನಾನು ಎಷ್ಟು ಓದಿದ್ದೇನೆ ಅಂತ ಅಲ್ಲ. "ನಿಮಗೆ ಭಾನುವಾರ ಅಡುಗೆ ಮುಗಿಯುವುದು ಎಷ್ಟು ಗಂಟೆಗೆ? ಬಸ್ ಎಲ್ಲಿಂದ?" ಅಂತ ಕೇಳಿದರು. ಮೊದಲ ಬ್ಯಾಚಿನವರನ್ನೂ ಹೀಗೇ ಕೇಳಿ ಕೇಳಿ ಸಮಯ ಇಟ್ಟದ್ದಂತೆ. ಬೆಳಿಗ್ಗೆ ಕೆಲವರಿಗೆ ಚರ್ಚ್, ಎಲ್ಲರಿಗೂ ಮೀನಿನ ಅಡುಗೆ. ಹಾಗಾಗಿ ಎರಡೂವರೆಗೆ ಶುರು. ಐದಕ್ಕೆ ಸರಿಯಾಗಿ ಬಿಡುತ್ತಾರೆ, ಐದು ನಿಮಿಷವೂ ಜಾಸ್ತಿ ಇಲ್ಲ. ಭಾನುವಾರ ಬಸ್ ಕಡಿಮೆ. ಹೊತ್ತು ಮುಳುಗುವ ಮೊದಲು ಮನೆ ಸೇರದಿದ್ದರೆ ಮುಂದಿನ ವಾರ ಮನೆಯವರು ಕಳಿಸುವುದಿಲ್ಲ ಅಂತ ಅವರಿಗೆ ಗೊತ್ತು.

ಜಾಗ ಕಿನ್ನಿಮುಲ್ಕಿ ಕಡೆ, ಒಂದು ಟೈಲರಿಂಗ್ ಕ್ಲಾಸಿನ ಹಾಲ್. ಭಾನುವಾರ ಅದು ಖಾಲಿ ಇರುತ್ತದೆ. ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ರಿಕ್ಷಾ ಖರ್ಚಿಲ್ಲ. ನಮ್ಮ ಕಡೆ ಇದು ದೊಡ್ಡ ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರೆಲ್ಲ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಓಡಾಡುವಂತಾಯಿತು. ಆದರೆ ಉಡುಪಿ, ಮಂಗಳೂರಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ನಾವು ಕೈಯಿಂದಲೇ ಕೊಡಬೇಕು. ತಿಂಗಳಿಗೆ ನಾಲ್ಕು ಭಾನುವಾರದ ಬಸ್ ಖರ್ಚೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಫೀಸ್ ತಿಂಗಳಿಗೆ 600 ರೂಪಾಯಿ, ಆರು ತಿಂಗಳಿಗೆ 3,600. ಒಟ್ಟಿಗೆ ಕಟ್ಟಬೇಕಾಗಿಲ್ಲ. ಪ್ರತಿ ಭಾನುವಾರ 150 ಕೊಟ್ಟರೂ ಆಯಿತು. ಬಾರದ ವಾರಕ್ಕೆ ಹಣ ಇಲ್ಲ, ಆದರೆ ಆ ಪಾಠವನ್ನು ಮುಂದಿನ ಬ್ಯಾಚಿನಲ್ಲಿ ಕೂತು ಮುಗಿಸಬೇಕು. ಹೀಗಾಗಿ ಮದುವೆ, ಭೂತಕೋಲ, ಮನೆಯಲ್ಲಿ ಜ್ವರ ಅಂತ ಒಂದೆರಡು ವಾರ ತಪ್ಪಿದ ಯಾರೂ ಕೋರ್ಸ್ ಬಿಡಲಿಲ್ಲ. ನಮ್ಮ 18 ಜನರಲ್ಲಿ 16 ಜನ ಮುಗಿಸಿದೆವು. ಒಬ್ಬರು ಮುಂಬೈಗೆ ಹೋದರು, ಇನ್ನೊಬ್ಬರಿಗೆ ಹೆರಿಗೆ.

ಹಾಲ್‌ಗೆ ತಾಗಿ ಒಂದು ಸಣ್ಣ ಕೋಣೆ ಉಂಟು. ಅಲ್ಲಿ ನಮ್ಮ ಮಕ್ಕಳಿಗೆ ಜಾಗ. ಬೇರೆಯವರ ಮಕ್ಕಳನ್ನು ವಾರಕ್ಕೆ ಆರು ದಿನ ನೋಡುವ ನಮಗೆ ಏಳನೇ ದಿನ ನಮ್ಮ ಮಗುವನ್ನು ಎಲ್ಲಿ ಬಿಡುವುದು? ಇದಕ್ಕೆ ಉತ್ತರ ಇಲ್ಲದೆ ಎಷ್ಟೋ ಜನ ಇಂಥ ತರಬೇತಿಗೆ ಸೇರುವುದೇ ಇಲ್ಲ. ಇಲ್ಲಿ ಪ್ರತಿ ವಾರ ನಮ್ಮಲ್ಲೇ ಇಬ್ಬರು ಸರದಿ ಪ್ರಕಾರ ಆ ಕೋಣೆಯಲ್ಲಿ ಇರುತ್ತಾರೆ. ಸಣ್ಣ ಟೀಚರ್ ನಡುನಡುವೆ ಬಂದು ಬಾಗಿಲಲ್ಲಿ ನಿಂತು ನೋಡುತ್ತಾರೆ. ಮಗು ಅತ್ತಾಗ ಏನು ಮಾಡಿದೆವು, ಎರಡು ಮಕ್ಕಳು ಒಂದೇ ಲಾರಿಗೆ ಜಗಳ ಆಡಿದಾಗ ಏನು ಹೇಳಿದೆವು, ಎಲ್ಲ ಬರೆದುಕೊಳ್ಳುತ್ತಾರೆ. ಅದೇ ನಮ್ಮ ಪ್ರಾಕ್ಟಿಕಲ್. ನನ್ನ ಸರದಿ ಬಂದಾಗ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೀವು ಮಗುವಿನ ಹತ್ತಿರ ಮಾತಾಡುವಾಗ ನಿಂತೇ ಇರ್ತೀರಿ. ಒಮ್ಮೆ ಕೂತು ನೋಡಿ." ಹನ್ನೊಂದು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮರುದಿನ ಡೇಕೇರ್‌ನಲ್ಲಿ ಕೂತು ಮಾತಾಡಿದೆ. ಮಕ್ಕಳ ಮುಖ ಎಷ್ಟು ಬೇರೆಯಾಗಿ ಕಾಣುತ್ತದೆ!

ಪಾಠ ನಡೆಯುವುದು ಕನ್ನಡದಲ್ಲಿ. ಉತ್ತರ ಯಾವ ಭಾಷೆಯಲ್ಲಿ ಬೇಕಾದರೂ ಕೊಡಬಹುದು. ನಮ್ಮಲ್ಲಿ ಮನೆಯಲ್ಲಿ ತುಳು ಆಡುವವರು ಜಾಸ್ತಿ, ಕೊಂಕಣಿಯವರು ನಾಲ್ಕು ಜನ, ಬ್ಯಾರಿ ಭಾಷೆಯವರು ಇಬ್ಬರು. ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಹೇಳಿ, ಆಮೇಲೆ ಪಕ್ಕದವರು ಕನ್ನಡದಲ್ಲಿ ಹೇಳಲಿ ಅನ್ನುತ್ತಿದ್ದರು ದೊಡ್ಡ ಟೀಚರ್. ಮೊದಲ ತಿಂಗಳು ಬಾಯಿ ಬಿಡದೆ ಕೂತಿದ್ದ ಕಾಪು ಕಡೆಯ ಒಬ್ಬರು ತುಳುವಿನಲ್ಲಿ ಶುರುಮಾಡಿದ ಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಅವರಿಗೆ ಗೊತ್ತಿದ್ದಷ್ಟು ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಾರದ ನಡುವೆ ವಾಟ್ಸಾಪ್‌ನಲ್ಲಿ ಎರಡು ಆಡಿಯೋ ಬರುತ್ತದೆ. ಒಂದೊಂದು ಏಳೆಂಟು ನಿಮಿಷ. ವಿಡಿಯೋ ಯಾಕಿಲ್ಲ ಅಂತ ನಾನು ಕೇಳಿದ್ದೆ. ವಿಡಿಯೋ ನೋಡಬೇಕಾದರೆ ಕೂರಬೇಕು, ಆಡಿಯೋ ಆದರೆ ಕೆಲಸ ಮಾಡುತ್ತಲೂ ಕೇಳಬಹುದು ಅಂದರು. ನಿಜ. ನಾನು ಎಲ್ಲ ಪಾಠ ಕೇಳಿದ್ದು ಮಣಿಪಾಲದ ಬಸ್ಸಿನಲ್ಲಿ, ಇಲ್ಲದಿದ್ದರೆ ರಾತ್ರಿ ಪಾತ್ರೆ ತೊಳೆಯುವಾಗ. ಡೇಟಾ ಖಾಲಿಯಾಗುವ ಹೆದರಿಕೆಯೂ ಇಲ್ಲ.

ಈಗ ಪಾಠಗಳ ವಿಷಯ. ಎಲ್ಲವನ್ನೂ ಬರೆದರೆ ಉದ್ದವಾಗುತ್ತದೆ. ನನ್ನನ್ನು ಅಲುಗಾಡಿಸಿದ ಎರಡನ್ನು ಮಾತ್ರ ಹೇಳುತ್ತೇನೆ.

ಎಂಟನೇ ಭಾನುವಾರ ಒಬ್ಬರು ನಿವೃತ್ತ ನರ್ಸ್ ಬಂದಿದ್ದರು. ಕೈಯಲ್ಲಿ ಒಂದು ರಬ್ಬರ್ ಮಗು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದು ಆ ದಿನದ ಪಾಠ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಆ ಗೊಂಬೆಯನ್ನು ನೋಡಿದ ಕೂಡಲೇ ನನ್ನ ಕೈ ತಣ್ಣಗಾಯಿತು. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ 10 ತಿಂಗಳ ಗಂಡುಮಗು ಒಂದು ದೊಡ್ಡ ಮಕ್ಕಳು ಕೆಳಗೆ ಬೀಳಿಸಿದ ನೆಲಗಡಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಅಳು ನಿಂತುಹೋಯಿತು. ತುಟಿಯ ಬಣ್ಣ ಬದಲಾಯಿತು. ನಾನು ಏನು ಮಾಡಿದೆ ಗೊತ್ತಾ? ನೆತ್ತಿ ತಟ್ಟಿದೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಮಾಡುವುದು ಅದನ್ನೇ. ಆಮೇಲೆ ಬಾಯಿಗೆ ಬೆರಳು ಹಾಕಿದೆ. ದೇವರು ದೊಡ್ಡವನು, ಮಗು ವಾಂತಿ ಮಾಡಿತು, ಕಾಳು ಹೊರಗೆ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿನ ತಾಯಿಗೆ ಹೇಳಿದೆವು, ಅವರು ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದರು. ಥ್ಯಾಂಕ್ಸ್ ಅನ್ನಿಸಿಕೊಳ್ಳುವ ಕೆಲಸ ನಾನು ಮಾಡಿಲ್ಲ ಅಂತ ನನಗೊಬ್ಬಳಿಗೆ ಗೊತ್ತಿತ್ತು.

ಕಾಣದ ವಸ್ತುವಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗಬಹುದು ಅಂತ ಸಿಸ್ಟರ್ ಹೇಳಿದರು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಅಳಲೂ ಆಗದೆ ಇದ್ದರೆ ತಡ ಮಾಡಬಾರದು. ಒಂದು ವರ್ಷದೊಳಗಿನ ಮಗುವನ್ನು ನಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ದವಡೆಗೆ ಆಧಾರ ಕೊಟ್ಟು, ತಲೆ ಎದೆಗಿಂತ ಕೆಳಗೆ ಬರುವಂತೆ ಹಿಡಿಯಬೇಕು. ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಬೇಕು. ಹೊರಗೆ ಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ 5 ಸಲ ಒತ್ತಬೇಕು. ವಸ್ತು ಬರುವ ತನಕ ಹೀಗೆ ಒಂದಾದ ಮೇಲೊಂದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಮಗು ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು ಅನ್ನುವುದು ಬೇರೆ ಪಾಠ, ಅದನ್ನೂ ಆ ದಿನವೇ ಕಲಿಸಿದರು. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಲೇಬಾರದು. ಹೊಟ್ಟೆ ಒತ್ತುವ ವಿಧಾನ ಒಂದು ವರ್ಷ ದಾಟಿದವರಿಗೆ ಮಾತ್ರ.

ಇದನ್ನು ಓದಿದರೆ ಕಲಿತಂತೆ ಆಗುವುದಿಲ್ಲ. ನಾನು ಬರೆದದ್ದನ್ನು ನಂಬಿಕೊಂಡು ಸುಮ್ನೆ ಇರಬೇಡಿ, ಎಲ್ಲಾದರೂ ಹೋಗಿ ಕೈಯಾರೆ ಕಲಿಯಿರಿ. ಇದ್ದದ್ದು ಒಂದೇ ಗೊಂಬೆ. ಆದರೂ ಸಿಸ್ಟರ್ ಒಬ್ಬೊಬ್ಬರಿಂದಲೂ ಮೂರು ಮೂರು ಸಲ ಮಾಡಿಸಿದರು. ನನ್ನ ಮೊದಲ ಹೊಡೆತ ತೀರಾ ಮೆಲ್ಲಗಿತ್ತು. "ಬಾಲೆಗ್ ಬೇನೆ ಆಪುಂಡು (ಮಗುವಿಗೆ ನೋವಾಗುತ್ತದೆ) ಅಂತ ಹೆದರಬೇಡಿ ಅಕ್ಕ, ಉಸಿರು ಮುಖ್ಯ" ಅಂದರು. ಮೂರನೇ ಸಲ ಸರಿಯಾಯಿತು. ನಾನು ಗೊಂಬೆಯನ್ನು ಪಕ್ಕದವರ ಕೈಗೆ ಕೊಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ನಾಲ್ಕು ವರ್ಷದಿಂದ ಹೊತ್ತುಕೊಂಡಿದ್ದ ಭಾರ ಅದು.

ಅದೇ ದಿನ ಊಟದ ವಿಷಯವೂ ಬಂತು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ರಾಶಿ ರಾಶಿ ಬರುವ ರಂಬುಟಾನ್ ಬೀಜ ಸಮೇತ ಸಣ್ಣವರ ಕೈಗೆ ಹೋಗಲೇಬಾರದು. ತಾಯಿ ಹಿಂಡಿಟ್ಟ ಎದೆಹಾಲು 25 ಡಿಗ್ರಿ ತನಕದ ಕೋಣೆಯಲ್ಲಿ 4 ಗಂಟೆ ಇರಬಹುದು. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ಕೋಣೆ ಅಷ್ಟು ತಂಪಾಗಿ ಎಲ್ಲಿರುತ್ತದೆ? ಹಾಗಾಗಿ ಬಂದ ಕೂಡಲೇ ಫ್ರಿಡ್ಜ್‌ಗೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು, ಬಿಸಿನೀರಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು. ನಮ್ಮಲ್ಲಿ ಮಾರನೇ ದಿನವೇ ಬಾಟಲಿಗೆ ಹೆಸರಿನ ಜೊತೆ ಗಂಟೆ ಬರೆದು ಅಂಟಿಸಲು ಶುರುಮಾಡಿದೆವು.

ಇನ್ನೊಂದು, ನೋಟ್‌ಬುಕ್. ಈ ಕ್ಲಾಸಿನಲ್ಲಿ ಲಿಖಿತ ಪರೀಕ್ಷೆ ಇಲ್ಲ. ಅದರ ಬದಲು 100 ಪುಟದ ಒಂದು ಗೆರೆಯ ಪುಸ್ತಕ. ದಿನಕ್ಕೆ ಒಂದು ಮಗುವಿನ ಬಗ್ಗೆ ಐದು ಸಾಲು ಬರೆಯಬೇಕು. ಎಡಗಡೆ ಕಣ್ಣಿಗೆ ಕಂಡದ್ದು, ಬಲಗಡೆ ನಾವು ಅಂದುಕೊಂಡದ್ದು. ಎರಡನ್ನೂ ಬೆರೆಸಬಾರದು. ಕಾಗುಣಿತ ತಪ್ಪಿದರೆ ಅವರು ತಿದ್ದುವುದಿಲ್ಲ. ವಿಷಯಕ್ಕೆ ಮಾತ್ರ ಕೆಂಪು ಶಾಯಿಯಲ್ಲಿ ಉತ್ತರ ಬರೆಯುತ್ತಾರೆ.

ನಮ್ಮಲ್ಲಿ ಎರಡು ವರ್ಷದ ಒಂದು ಹೆಣ್ಣುಮಗು ಕಚ್ಚುತ್ತಿತ್ತು. ಪೋಷಕರ ದೂರಿನ ಮೇಲೆ ದೂರು. ಮೇಡಂ ಆ ಮಗುವನ್ನು ಬಿಡಿಸುವ ಮಾತಾಡುತ್ತಿದ್ದರು. ನಾನು ನೋಟ್‌ಬುಕ್‌ನ ಎಡಗಡೆ ಬರೆದೆ: "ಇವತ್ತು ಪುಟ್ಟಿ ತುಂಬ ಹಠ ಮಾಡಿದಳು. ಇಬ್ಬರಿಗೆ ಕಚ್ಚಿದಳು." ಭಾನುವಾರ ಪುಸ್ತಕ ವಾಪಸ್ ಬಂತು. "ಹಠ" ಅನ್ನುವ ಶಬ್ದದ ಸುತ್ತ ಕೆಂಪು ಗೆರೆ. ಕೆಳಗೆ ಮೂರು ಪ್ರಶ್ನೆ. ಹಠ ಅಂದರೆ ಕಣ್ಣಿಗೆ ಏನು ಕಂಡಿತು? ಗಂಟೆ ಎಷ್ಟು? ಕಚ್ಚುವ ಮೊದಲು ಏನಾಯ್ತು?

ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಚ್ಚಿದ ಮೇಲೆ ಬೇರೆ ಮಗು ಕಿರುಚುತ್ತದಲ್ಲ, ನಾವು ತಿರುಗಿ ನೋಡುವುದು ಆವಾಗಲೇ. ಮುಂದಿನ ವಾರವಿಡೀ ಅವಳ ಮೇಲೇ ಕಣ್ಣಿಟ್ಟೆ. ಸೋಮವಾರ 11.45. ಮಂಗಳವಾರ ಇಲ್ಲ. ಬುಧವಾರ 11.50. ಗುರುವಾರ 11.40, ಎರಡು ಸಲ. ಎಲ್ಲ ಸಲವೂ ಜಾಗ ಒಂದೇ, ಕೈ ತೊಳೆಯುವ ಬೇಸಿನ್ ಹತ್ತಿರ. ನಮ್ಮಲ್ಲಿ ಊಟಕ್ಕೆ ಮೊದಲು 14 ಮಕ್ಕಳು ಒಂದೇ ಬೇಸಿನ್ ಮುಂದೆ ಸಾಲು ನಿಲ್ಲುತ್ತಿದ್ದರು. ಇವಳು ಸಣ್ಣವಳು, ಹಿಂದಿನವರು ತಳ್ಳಿದಾಗ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಮಾತು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅವಳ ತಾಯಿಗೆ ಬೆಳಿಗ್ಗೆ 7ಕ್ಕೆ ಡ್ಯೂಟಿ, ಹಾಗಾಗಿ ತಿಂಡಿ ಆರೂವರೆಗೆ. ಹನ್ನೆರಡರ ಹೊತ್ತಿಗೆ ಹಸಿವು ನೆತ್ತಿಗೇರಿರುತ್ತದೆ. ಮಂಗಳವಾರ ಯಾಕೆ ಕಚ್ಚಲಿಲ್ಲ ಅಂದರೆ, ಆವತ್ತು ಒಬ್ಬರ ಹುಟ್ಟುಹಬ್ಬ ಅಂತ ಹನ್ನೊಂದಕ್ಕೇ ಕೇಕ್ ಕೊಟ್ಟಿದ್ದರು.

ನಾವು ಮಾಡಿದ್ದು ಇಷ್ಟೇ. ಒಂದು ಸಲಕ್ಕೆ ಮೂರೇ ಮಕ್ಕಳು ಬೇಸಿನ್‌ಗೆ, ಉಳಿದವರು ಚಾಪೆಯಲ್ಲಿ ಕೂತು ಹಾಡು. ಪುಟ್ಟಿಗೆ ಹತ್ತೂವರೆಗೆ ಒಂದು ಬಾಳೆಹಣ್ಣು. ಮುಂದಿನ ವಾರ ಒಂದೇ ಸಲ ಕಚ್ಚಿದಳು. ಅದರ ಮುಂದಿನ ವಾರ ಇಲ್ಲ. ಅವಳು ಈಗಲೂ ನಮ್ಮಲ್ಲೇ ಇದ್ದಾಳೆ, ಇದನ್ನು ಬರೆಯುವಾಗ ಖುಷಿಯಾಗುತ್ತದೆ.

ಕೆಲಸ ಬಿಟ್ಟು ಬಂದು ಕಲಿಯಿರಿ ಅಂದರೆ ನಮ್ಮಿಂದ ಆಗುವುದಿಲ್ಲ. ಮಾಡುವ ಕೆಲಸದೊಳಗೇ ಪಾಠ ಇಟ್ಟರೆ ಆಗುತ್ತದೆ. ಬೇರೆ ಡೇಕೇರ್ ನೋಡಿ ಬರಲು ಅವರು ಮಾಡಿದ ಏರ್ಪಾಡೂ ಹೀಗೇ. ಕೋರ್ಸಿನಲ್ಲಿ ಎರಡು ದಿನ ಬೇರೆ ಕಡೆ ಕೆಲಸ ಮಾಡಬೇಕು. ರಜೆ ಹಾಕಿದರೆ ಸಂಬಳ ಹೋಗುತ್ತದೆ. ಅದಕ್ಕೆ ಅದಲುಬದಲು. ನಾನು ಕುಂಜಿಬೆಟ್ಟಿನ ಒಂದು ಡೇಕೇರ್‌ಗೆ ಹೋದೆ, ಅಲ್ಲಿನ ಅಕ್ಕ ಎರಡು ದಿನ ನಮ್ಮಲ್ಲಿಗೆ ಬಂದರು. ಎರಡೂ ಕಡೆ ಜನ ಕಡಿಮೆಯಾಗಲಿಲ್ಲ, ಸಂಬಳವೂ ಹೋಗಲಿಲ್ಲ. ನಮ್ಮ ಮೇಡಂ ಮೊದಲು ಒಪ್ಪಲಿಲ್ಲ. ಗೊತ್ತಿಲ್ಲದವರ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಅಂತ. ಅವರ ಹೆದರಿಕೆ ಸರಿಯೇ. ದೊಡ್ಡ ಟೀಚರ್ ಖುದ್ದಾಗಿ ಬಂದು ಮಾತಾಡಿದರು. ಹೊಸಬರನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡುವುದಿಲ್ಲ ಅಂತ ಬರೆದುಕೊಟ್ಟು, ಪೋಷಕರಿಗೂ ಮೊದಲೇ ತಿಳಿಸಿದ ಮೇಲೆ ಒಪ್ಪಿದರು.

ನಮ್ಮ ಬ್ಯಾಚಿನಲ್ಲಿ ಅಂಗನವಾಡಿಯವರು ಮೂರು ಜನ, ಪಂಚಾಯತ್‌ನ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡುವವರು ಇಬ್ಬರು ಇದ್ದರು. ಟೀ ಹೊತ್ತಿನಲ್ಲಿ ಅವರ ಮಾತು ಕೇಳುವುದೇ ಒಂದು ಪಾಠ. ಅಂಗನವಾಡಿ ಶುರುವಾದದ್ದು 1975ರಲ್ಲಿ, ಅವರಿಗೆ ಇಲಾಖೆ ಉಂಟು, ಮೇಲ್ವಿಚಾರಕಿ ಉಂಟು. 2023ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಪೋಷಣ್ ಭೀ ಪಢಾಯಿ ಭೀ ಕಾರ್ಯಕ್ರಮದಲ್ಲಿ ಅವರಿಗೆ ಮೂರು ದಿನದ ತರಬೇತಿ ಸಿಕ್ಕಿದೆ. ಚೆನ್ನಾಗಿತ್ತು, ಆದರೆ ಮೂರು ದಿನ ಸಾಲದು, ಕೇಂದ್ರಕ್ಕೆ ವಾಪಸ್ ಹೋದ ಮೇಲೆ ಬಂದ ಪ್ರಶ್ನೆಗಳನ್ನು ಕೇಳುವುದು ಯಾರ ಹತ್ತಿರ ಅಂತ ಒಬ್ಬರು ಹೇಳಿದರು. ಅದಕ್ಕೇ ಈ ಕ್ಲಾಸಿಗೆ ಸ್ವಂತ ಹಣ ಹಾಕಿ ಬಂದಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಒಂದು ಪುಟವನ್ನು ದೊಡ್ಡ ಟೀಚರ್ ನಮಗೆ ಓದಿ ಹೇಳಿದ್ದರು. ಪಿಯುಸಿ ಮತ್ತು ಅದಕ್ಕಿಂತ ಹೆಚ್ಚು ಓದಿದ ಅಂಗನವಾಡಿಯವರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕು ಅಂತ ಅದರಲ್ಲಿದೆ. ಫೋನ್, ಟಿವಿ ಮೂಲಕ ಕಲಿಸಬಹುದು, ತಿಂಗಳಿಗೆ ಒಂದು ಸಲವಾದರೂ ಎದುರು ಕೂತು ಕಲಿಯುವ ತರಗತಿ ಇರಬೇಕು ಅಂತಲೂ ಇದೆ. ಕೆಲಸಕ್ಕೆ ಆದಷ್ಟು ಕಡಿಮೆ ತೊಂದರೆಯಾಗಬೇಕು ಅನ್ನುವ ಮಾತೂ ಅಲ್ಲೇ ಇದೆ. ಕೇಳಿ ಖುಷಿಯಾಯಿತು. ಆದರೆ ಅದು ಅಂಗನವಾಡಿಯವರಿಗೆ ಬರೆದದ್ದು. ಖಾಸಗಿ ಡೇಕೇರ್‌ನ ನಮ್ಮನ್ನು ಆ ಲೆಕ್ಕದಲ್ಲಿ ಯಾರು ಸೇರಿಸುತ್ತಾರೆ? 50 ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು ಅಂತ 2017ರಲ್ಲೇ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿದ್ದಾರೆ. ಕೇಂದ್ರ ಜಾಸ್ತಿಯಾದಷ್ಟೂ ಅಕ್ಕಂದಿರು ಜಾಸ್ತಿ ಬೇಕು. ಅವರಿಗೆ ಕಲಿಸುವವರೂ ಬೇಕಲ್ಲ.

ಕೊರತೆಗಳನ್ನೂ ಹೇಳುತ್ತೇನೆ, ಟೀಚರ್‌ಗಳ ಎದುರೇ ಹೇಳಿದ್ದೇನೆ.

ಹಾಲ್ ಇರುವುದು ಎರಡನೇ ಮಾಳಿಗೆಯಲ್ಲಿ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ನಮ್ಮ ಕೆಲಸದಲ್ಲಿ ಮಗುವನ್ನು ಎತ್ತಿ ಎತ್ತಿ ಸೊಂಟ, ಮೊಣಕಾಲು ಹೋಗಿರುತ್ತದೆ. 54 ವರ್ಷದ ಒಬ್ಬರು ಪ್ರತಿ ವಾರ ಎರಡು ಕಡೆ ಕೂತು ಹತ್ತುತ್ತಿದ್ದರು. ಎಲ್ಲರಿಗೂ ಸುಲಭವಾಗಲಿ ಅಂತ ಇಷ್ಟೆಲ್ಲ ಯೋಚನೆ ಮಾಡಿದವರು ಇದನ್ನು ಸರಿಮಾಡಲೇಬೇಕು. ಕೆಳಗೆ ಜಾಗ ಹುಡುಕುತ್ತಿದ್ದೇವೆ, ಬಾಡಿಗೆ ಜಾಸ್ತಿ ಅನ್ನುತ್ತಾರೆ.

ಮಳೆಗಾಲದಲ್ಲಿ ಮೂರು ಕ್ಲಾಸ್ ರದ್ದಾಯಿತು. ರೆಡ್ ಅಲರ್ಟ್ ಇದ್ದಾಗ ಬರಬೇಡಿ ಅಂದದ್ದು ಸರಿಯೇ. ಆದರೆ ಒಂದು ಸಲ ಮೆಸೇಜ್ ಬಂದದ್ದು ಒಂದೂವರೆಗೆ. ಬ್ರಹ್ಮಾವರದಿಂದ ಬರುವ ಇಬ್ಬರು ಆಗಲೇ ಬಸ್ಸಿನಲ್ಲಿದ್ದರು. ಬೆಳಿಗ್ಗೆಯೇ ತಿಳಿಸಬೇಕಿತ್ತು.

ಬೆಳವಣಿಗೆಯಲ್ಲಿ ನಿಧಾನ ಇರುವ ಮಕ್ಕಳ ಬಗ್ಗೆ ಒಂದೇ ಒಂದು ಭಾನುವಾರ. ಇದು ನನಗೆ ತುಂಬ ಬೇಸರದ ವಿಷಯ. ಅಂಗನವಾಡಿಗಾದರೆ ವರ್ಷಕ್ಕೆ ಎರಡು ಸಲ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಬಂದು ಮಕ್ಕಳನ್ನು ನೋಡುತ್ತದೆ. ನಮ್ಮಲ್ಲಿಗೆ ಯಾರೂ ಬರುವುದಿಲ್ಲ. ಎರಡೂವರೆ ವರ್ಷವಾದರೂ ಹೆಸರು ಕರೆದಾಗ ತಿರುಗದ ಮಗುವನ್ನು ದಿನವಿಡೀ ನೋಡುವವರು ನಾವು. ತಾಯಿಗೆ ಆ ಮಾತನ್ನು ಹೇಗೆ ಹೇಳುವುದು, ಯಾವಾಗ ಹೇಳುವುದು, ಹೆದರಿಸದೆ ಡಾಕ್ಟರ ಹತ್ತಿರ ಹೇಗೆ ಕಳಿಸುವುದು? ಇದಕ್ಕೆ ಕನಿಷ್ಠ ನಾಲ್ಕು ವಾರ ಬೇಕು.

ಕೊನೆಯಲ್ಲಿ ಕೊಡುವ ಸರ್ಟಿಫಿಕೇಟ್‌ಗೆ ಸರ್ಕಾರದ ಮಾನ್ಯತೆ ಇಲ್ಲ. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅವರು ಮೊದಲ ಫೋನ್‌ನಲ್ಲೇ ಸ್ಪಷ್ಟವಾಗಿ ಹೇಳಿದ್ದರು, ಮುಚ್ಚಿಡಲಿಲ್ಲ. ನನ್ನ ಸಂಬಳವೂ ಕೋರ್ಸ್ ಮುಗಿದ ಮೇಲೆ ಜಾಸ್ತಿಯಾಗಿಲ್ಲ. ಕಲಿತದ್ದಕ್ಕೆ ನೂರಾದರೂ ಜಾಸ್ತಿ ಕೊಟ್ಟರೆ ಮನಸ್ಸಿಗೆ ಎಷ್ಟು ಬಲ ಬರುತ್ತದೆ ಅಂತ ಡೇಕೇರ್ ನಡೆಸುವವರು ಯೋಚಿಸಬೇಕು. ನಮ್ಮ ಮೇಡಂ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಪುಟ್ಟಿಯ ವಿಷಯ ನೋಡಿದ ಮೇಲೆ ಮುಂದಿನ ಬ್ಯಾಚಿಗೆ ಹೋಗುವವರ ಅರ್ಧ ಫೀಸ್ ಡೇಕೇರ್‌ನಿಂದ ಅಂತ ಹೇಳಿದ್ದಾರೆ. ಬೇರೆಯವರೂ ಹೀಗೆ ಮಾಡಲಿ. ತಿಂಗಳಿಗೆ 300 ರೂಪಾಯಿ, ಅಷ್ಟೇ.

ನಾನು ಈ ಕ್ಲಾಸಿಗೆ 5ರಲ್ಲಿ 4 ಅಂಕ ಕೊಡುತ್ತೇನೆ. ಒಂದು ಅಂಕ ಆ ಮೆಟ್ಟಿಲಿಗೆ ಮತ್ತು ಒಂದೇ ಭಾನುವಾರದಲ್ಲಿ ಮುಗಿಸಿದ ಆ ಪಾಠಕ್ಕೆ ಕಳೆದೆ.

ಮುಂದಿನ ಬ್ಯಾಚಿಗೆ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಹೆಸರು ಕೊಟ್ಟಿದ್ದಾಳೆ. ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತಷ್ಟೆ, ನನ್ನ ಹಾಗೆ ಹನ್ನೊಂದು ವರ್ಷ ಕಾಯಬೇಕಾಗಿಲ್ಲ. ನಿನ್ನೆ ಮಕ್ಕಳು ಮಲಗಿದ ಹೊತ್ತಿನಲ್ಲಿ ಅವಳಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಕೆಂಪು ಶಾಯಿಯದ್ದನ್ನೆಲ್ಲ ಒಂದೊಂದಾಗಿ ಓದುತ್ತಾ ಕೂತಳು. ಸೇರಬೇಕು ಅನ್ನುವವರು ನನಗೆ ಮೆಸೇಜ್ ಮಾಡಿ, ಟೀಚರ್ ಹತ್ತಿರ ಕೇಳಿ ನಂಬರ್ ಕೊಡುತ್ತೇನೆ. 100 ಪುಟದ ಪುಸ್ತಕ ಮತ್ತು ನೀರಿನ ಬಾಟಲಿ ತನ್ನಿ. ಮಗು ಇದ್ದರೆ ಕರೆದುಕೊಂಡೇ ಬನ್ನಿ. ಮೊಣಕಾಲು ನೋವಿದ್ದರೆ ಮೊದಲೇ ಹೇಳಿ, ಕೆಳಗೆ ಬಂದು ಕೈ ಹಿಡಿಯಲು ಹಳೆಯ ಬ್ಯಾಚಿನ ನಾವು ನಾಲ್ಕು ಜನ ಸರದಿ ಮಾಡಿಕೊಂಡಿದ್ದೇವೆ.